ರಾಗಿ ಬಿಸ್ಕತ್ತಿನಲ್ಲಿ ರಾಗಿ ಎಷ್ಟು? ಪೌಷ್ಟಿಕ ಬಿಸ್ಕತ್ತು ತಯಾರಾಗುವ, ಪರೀಕ್ಷೆಯಾಗುವ ಬಗೆ

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ವಸತಿ ಸೊಸೈಟಿಯಲ್ಲಿ ಕನ್ನಡದ ಮನೆಗಳು ಆರು. ಈ ಸಲ ಗಣೇಶ ಚೌತಿಯ ಮಾರಾಟಕ್ಕೆ ಚಕ್ಕುಲಿ, ಕೋಡುಬಳೆಯ ಜೊತೆ ರಾಗಿ ಬಿಸ್ಕತ್ತನ್ನೂ ಇಡೋಣ ಎಂದು ಹೆಂಗಸರೆಲ್ಲ ಸೇರಿ ಜೂನ್‌ನಲ್ಲೇ ತೀರ್ಮಾನಿಸಿದರು. ಮೊದಲ ತಟ್ಟೆ ಓವನ್ನಿನಿಂದ ಹೊರಬಂದ ದಿನ ಮೂರನೇ ಮಹಡಿಯ ಅತ್ತೆ ನನ್ನನ್ನು ಕರೆದರು. "ನೀನು ಫುಡ್ ಟೆಕ್ನಾಲಜಿ ಓದಿದವಳಲ್ವಾ? ಇದರಲ್ಲಿ ಕ್ಯಾಲ್ಸಿಯಂ ಎಷ್ಟಿದೆ ಹೇಳು. ಪ್ಯಾಕೆಟ್ ಮೇಲೆ ಬರೆಯಬೇಕು."

ಅತ್ತೆಯ ಪ್ರಶ್ನೆ ಈಗ ಎಲ್ಲರದ್ದೂ ಹೌದು. ಭಾರತದ ಪ್ರಸ್ತಾವದ ಮೇಲೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಎಂದು ಘೋಷಿಸಿತ್ತು. ಇವತ್ತು ಕಿರಾಣಿ ಅಂಗಡಿಯ ಶೆಲ್ಫ್ ನೋಡಿ. ನಾಚಣಿ ಬಿಸ್ಕತ್ತು, ಬಾಜ್ರಿ ಕುಕೀಸ್, ಓಟ್ಸ್, ನಾರು ಹೆಚ್ಚಿರುವುದು, ಪ್ರೋಟೀನ್ ಇರುವುದು, ಸಕ್ಕರೆ ಇಲ್ಲದ್ದು. ನಾಚಣಿ ಎಂದರೆ ಮರಾಠಿಯಲ್ಲಿ ನಮ್ಮ ರಾಗಿಯೇ, ಬಾಜ್ರಿ ಎಂದರೆ ಸಜ್ಜೆ. ಇವುಗಳಲ್ಲಿ ಯಾವುದು ಏನು, ಹೇಗೆ ಮಾಡುತ್ತಾರೆ, ಒಳ್ಳೆಯದೆಂದು ಹೇಗೆ ಗೊತ್ತುಮಾಡುತ್ತಾರೆ ಎಂಬುದನ್ನು ಬುಡದಿಂದ ಹೇಳಲು ಪ್ರಯತ್ನಿಸುತ್ತೇನೆ.

ಮೊದಲು ಹೆಸರುಗಳು

ಬಿಸ್ಕತ್ತಿಗೆ ಏನಾದರೂ ಸೇರಿಸುವುದರಲ್ಲಿ ಮೂರು ಬಗೆ ಇವೆ. ಒಂದು, ಹಿಟ್ಟನ್ನೇ ಬದಲಿಸುವುದು. ಮೈದಾ ಕಡಿಮೆ ಮಾಡಿ ರಾಗಿ, ಜೋಳ, ಕಡಲೆ ಹಿಟ್ಟು, ಸೋಯಾ ಹಾಕುವುದು. ಎರಡು, ಕಬ್ಬಿಣ, ವಿಟಮಿನ್‌ನಂಥ ಪೋಷಕಾಂಶವನ್ನು ಅಳತೆ ಮಾಡಿ ಬೆರೆಸುವುದು. ಇದಕ್ಕೆ ಸಾರವರ್ಧನೆ ಎನ್ನುತ್ತಾರೆ. ಉಪ್ಪಿಗೆ ಅಯೋಡಿನ್ ಬೆರೆಸುವ ಹಾಗೆ. ಮೂರನೆಯದು, ಹೊಟ್ಟೆ ತುಂಬಿಸುವುದರಾಚೆ ದೇಹದಲ್ಲಿ ಒಂದು ನಿರ್ದಿಷ್ಟ ಕೆಲಸ ಮಾಡುವ ಪದಾರ್ಥವನ್ನು ಸೇರಿಸುವುದು. ಓಟ್ಸ್‌ನಲ್ಲಿರುವ ಬೀಟಾ ಗ್ಲುಕಾನ್ ಎಂಬ ನಾರು ಇದಕ್ಕೆ ಒಳ್ಳೆಯ ಉದಾಹರಣೆ. ದಿನಕ್ಕೆ 3 ಗ್ರಾಂನಷ್ಟು ಅದು ಹೊಟ್ಟೆಗೆ ಹೋದರೆ ಕೊಲೆಸ್ಟರಾಲ್ ಇಳಿಯಲು ಸಹಾಯವಾಗುತ್ತದೆ. ಇಂಥ ತಿನಿಸುಗಳನ್ನು ಫಂಕ್ಷನಲ್ ಫುಡ್ ಎಂದು ಕರೆಯುತ್ತಾರೆ.

ನಮ್ಮ ಸೊಸೈಟಿಯ ಬಿಸ್ಕತ್ತು ಮೊದಲನೇ ಬಗೆಯದು. ಕೇಳಲು ಸುಲಭ, ಮಾಡಲು ಅಷ್ಟು ಸುಲಭವಲ್ಲ.

ಮೈದಾ ಮಾಡುವ ಕೆಲಸ

ಗೋಧಿಯಲ್ಲಿ ಎರಡು ಪ್ರೋಟೀನುಗಳಿವೆ. ನೀರು ಬಿದ್ದು ನಾದಿದಾಗ ಅವು ಕೈ ಕೈ ಹಿಡಿದು ಬಲೆಯಂತೆ ಹೆಣೆದುಕೊಳ್ಳುತ್ತವೆ. ಆ ಬಲೆಯೇ ಗ್ಲುಟನ್. ಚಪಾತಿ ಹರಿಯದೆ ಹಿಗ್ಗುವುದು, ಪಾವ್ ಉಬ್ಬುವುದು ಅದರಿಂದ. ಬಿಸ್ಕತ್ತಿಗೆ ಇಷ್ಟು ಬಿಗಿ ಬಲೆ ಬೇಡ, ಆದರೆ ಸ್ವಲ್ಪವಾದರೂ ಬೇಕು. ಅದಕ್ಕೇ ಪ್ರೋಟೀನ್ ಕಡಿಮೆಯಿರುವ ಮೆತ್ತನೆ ಗೋಧಿಯ ಮೈದಾ ಬಿಸ್ಕತ್ತಿಗೆ ಹೇಳಿಮಾಡಿಸಿದ್ದು.

ಬಲೆ ಜಾಸ್ತಿ ಬಿಗಿಯದಂತೆ ತಡೆಯುವುದು ಕೊಬ್ಬಿನ ಕೆಲಸ. ಚಕ್ಕುಲಿ ಹಿಟ್ಟಿಗೆ ಕಾದ ಎಣ್ಣೆ ಹಾಕುತ್ತೇವಲ್ಲ, ಇಲ್ಲಿಯವರು ಮೋಹನ್ ಎನ್ನುತ್ತಾರಲ್ಲ, ಅದೇ ತತ್ವ. ಕೊಬ್ಬು ಹಿಟ್ಟಿನ ಕಣವನ್ನು ಸುತ್ತಿಕೊಂಡು ನೀರು ತಾಗದಂತೆ ನೋಡಿಕೊಳ್ಳುತ್ತದೆ. ಪುಣೆಯ ಕಯಾನಿ ಬೇಕರಿಯ ಶ್ರೂಸ್‌ಬರಿ ಬಿಸ್ಕತ್ತು ಬಾಯಲ್ಲಿಟ್ಟರೆ ಪುಡಿಯಾಗುವುದು ಬೆಣ್ಣೆಯ ದೆಸೆಯಿಂದ. ನಮ್ಮ ನಾನ್‌ಖಟಾಯಿಯೂ ಹಾಗೇ.

ರಾಗಿಯಲ್ಲಿ ಗ್ಲುಟನ್ ಇಲ್ಲ. ಹಾಗಾಗಿ ರಾಗಿ ಹೆಚ್ಚಿದಷ್ಟೂ ಬಲೆಯಲ್ಲಿ ತೂತು ಜಾಸ್ತಿ. ನಮ್ಮಲ್ಲಿ ಗೋಧಿ ಹಿಟ್ಟಿನೊಂದಿಗೆ ನೂರಕ್ಕೆ 20, 40, 60ರಂತೆ ರಾಗಿ ಬೆರೆಸಿ ಮೂರು ತಟ್ಟೆ ಮಾಡಿದೆವು. ರಾಗಿಯೇ ಇಲ್ಲದ ಒಂದು ತಟ್ಟೆಯನ್ನೂ ಮಾಡಿದೆವು. ಇದು ಯಾಕೆ ಎಂದು ಎಲ್ಲರೂ ಕೇಳಿದರು. ಹೋಲಿಸಿ ನೋಡಲು ಒಂದು ಇರಲೇಬೇಕು. ಇಲ್ಲದಿದ್ದರೆ ಬಿಸ್ಕತ್ತು ಗಟ್ಟಿಯಾದದ್ದು ರಾಗಿಯಿಂದಲೋ ಓವನ್ನಿನಿಂದಲೋ ಗೊತ್ತಾಗುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಉಳಿದದ್ದೆಲ್ಲ ಇದ್ದ ಹಾಗೇ. ದೊಡ್ಡ ಲ್ಯಾಬಿನಲ್ಲೂ ಇದೇ ಶಿಸ್ತು.

60ರ ಬಿಸ್ಕತ್ತು ತಟ್ಟೆಯಿಂದ ಎತ್ತುವಾಗಲೇ ಮುರಿಯಿತು. ಕಾರ್ಖಾನೆಗಳಲ್ಲಾದರೆ ಇಂಥ ಕಡೆ ಗೌರ್ ಗಮ್ ಅಥವಾ ಕ್ಸಾಂತಾನ್ ಗಮ್ ಚಿಟಿಕೆಯಷ್ಟು ಹಾಕುತ್ತಾರೆ. ಗೌರ್ ಗಮ್ ಬರುವುದು ಗೋರಿಕಾಯಿಯ ಬೀಜದಿಂದ. ಗ್ಲುಟನ್ ಇಲ್ಲದ ಕಡೆ ಅದು ಅಂಟಿನ ಕೆಲಸ ಮಾಡುತ್ತದೆ. ನಾವು ಹಾಕಲಿಲ್ಲ, 40ಕ್ಕೆ ನಿಂತೆವು. ಇದರಲ್ಲಿ ಗೋಧಿ ಇರುವುದರಿಂದ ಗ್ಲುಟನ್ ಆಗದವರಿಗೆ ಈ ಬಿಸ್ಕತ್ತು ಸಲ್ಲದು. "ರಾಗಿಯದ್ದು" ಎಂದ ಮಾತ್ರಕ್ಕೆ ಗೋಧಿ ಇಲ್ಲ ಎಂದಲ್ಲ.

ಓವನ್ನಿನೊಳಗೆ

ವಿಲೆ ಪಾರ್ಲೆ ಸ್ಟೇಷನ್ ದಾಟುವಾಗ ಲೋಕಲ್ ರೈಲಿನೊಳಗೂ ಬಿಸ್ಕತ್ತಿನ ಘಮ ಬರುತ್ತಿದ್ದುದು ಮುಂಬೈಯ ಹಳಬರಿಗೆಲ್ಲ ನೆನಪಿದೆ. ಪಾರ್ಲೆ ಕಂಪನಿ 1929ರಲ್ಲಿ ಶುರುವಾದ ಜಾಗವದು. ಆ ಕಾರ್ಖಾನೆ 2016ರಲ್ಲಿ ನಿಂತಿತು. ಆ ಘಮಕ್ಕೂ ನಮ್ಮ ವಿಷಯಕ್ಕೂ ಸಂಬಂಧವಿದೆ.

ಬಿಸ್ಕತ್ತು ಬೇಯುವಾಗ ಪ್ರೋಟೀನಿನ ತುಣುಕುಗಳು ಕೆಲವು ಬಗೆಯ ಸಕ್ಕರೆಗಳ ಜೊತೆ ಸೇರಿ ಕಂದು ಬಣ್ಣ ಮತ್ತು ಪರಿಮಳ ಹುಟ್ಟುತ್ತದೆ. ಇದಕ್ಕೆ ಮೈಯಾರ್ ಕ್ರಿಯೆ ಎಂದು ಹೆಸರು. ದೋಸೆ ಕೆಂಪಗಾಗುವುದೂ ಇದರಿಂದಲೇ. ಆದರೆ ಈ ಕ್ರಿಯೆ ಪ್ರೋಟೀನಿನ ತುಣುಕುಗಳಲ್ಲಿ ಒಂದಾದ ಲೈಸಿನ್ ಎಂಬ ಅಮೈನೋ ಆಮ್ಲವನ್ನು ಬಲಿ ತೆಗೆದುಕೊಳ್ಳುತ್ತದೆ. ಗೋಧಿಯಲ್ಲಿ ಮೊದಲೇ ಲೈಸಿನ್ ಕಡಿಮೆ. ಬೇಳೆಯಲ್ಲಿ ಅದು ಧಾರಾಳ. ಅದಕ್ಕೇ ಪ್ರೋಟೀನ್ ಬಿಸ್ಕತ್ತಿಗೆ ಕಡಲೆ ಹಿಟ್ಟು, ಸೋಯಾ ಸೇರಿಸುತ್ತಾರೆ. ಅನ್ನಕ್ಕೆ ಬೇಳೆ ಸಾರು ಸೇರಿದ ಹಾಗೆ. ಹೀಗೆ ಸೇರಿಸಿದ ಲೈಸಿನ್‌ನಲ್ಲೂ ಸ್ವಲ್ಪ ಪಾಲು ಓವನ್ನಿನಲ್ಲಿ ಕಳೆದುಹೋಗುತ್ತದೆ. ಕಡು ಕಂದಾಗುವವರೆಗೆ ಬೇಯಿಸಿದರೆ ನಷ್ಟ ಇನ್ನೂ ಜಾಸ್ತಿ.

ವಿಟಮಿನ್‌ಗಳ ಕಥೆಯೂ ಇಂಥದ್ದೇ. ವಿಟಮಿನ್ ಸಿ, ಬಿ1 ಶಾಖಕ್ಕೆ ಹಾಳಾಗುತ್ತವೆ. ವಿಟಮಿನ್ ಎ ಶಾಖಕ್ಕೂ ಬೆಳಕಿಗೂ ಸೋಲುತ್ತದೆ. ಆದ್ದರಿಂದ ತಯಾರಕರು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹಾಕುತ್ತಾರೆ. ಕುದಿದು ಬತ್ತುತ್ತದೆ ಎಂದು ಸಾರಿಗೆ ಒಂದು ಲೋಟ ನೀರು ಜಾಸ್ತಿ ಹಾಕುತ್ತೇವಲ್ಲ, ಹಾಗೆ. ಮೊಸರಿನಲ್ಲಿರುವಂಥ ಒಳ್ಳೆಯ ಬ್ಯಾಕ್ಟೀರಿಯಾ ಓವನ್ನಿನ ಶಾಖದಲ್ಲಿ ಬದುಕುವುದಿಲ್ಲ. ಬೀಜಕದ ರೂಪದಲ್ಲಿ ಮುದುಡಿ ಕೂರಬಲ್ಲ ಬ್ಯಾಸಿಲಸ್ ಕೋಯಾಗ್ಯುಲನ್ಸ್‌ನಂಥವು ಮಾತ್ರ ತಡೆಯಬಲ್ಲವು.

ಕಬ್ಬಿಣ ಶಾಖಕ್ಕೆ ಹೋಗುವುದಿಲ್ಲ, ಆದರೆ ಬೇರೆ ತೊಂದರೆ ಕೊಡುತ್ತದೆ. ಫೆರಸ್ ಸಲ್ಫೇಟ್ ಎಂಬ ಕಬ್ಬಿಣದ ಲವಣ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ, ಆದರೆ ಬಿಸ್ಕತ್ತಿನ ಕೊಬ್ಬನ್ನು ಬೇಗ ಹಳಸಿಸುತ್ತದೆ, ಬಾಯಿಗೆ ಲೋಹದ ರುಚಿ ಬರುತ್ತದೆ. ನುಣ್ಣನೆಯ ಕಬ್ಬಿಣದ ಪುಡಿ ಹಾಕಿದರೆ ರುಚಿ ಕೆಡುವುದಿಲ್ಲ, ಆದರೆ ದೇಹಕ್ಕೆ ಅಷ್ಟಾಗಿ ಹತ್ತುವುದಿಲ್ಲ. ಕಬ್ಬಿಣದ ಕಣಕ್ಕೆ ಕೊಬ್ಬಿನ ತೆಳು ಹೊದಿಕೆ ಹಾಕಿ ಬೆರೆಸುವುದು ಇದಕ್ಕೊಂದು ದಾರಿ. ಸಾರವರ್ಧನೆಯ ಹೆಚ್ಚಿನ ಕಷ್ಟ ಇಂಥ ಆಯ್ಕೆಗಳಲ್ಲೇ ಇದೆ.

40 ಎಂದರೆ 22

ಈಗ ಅತ್ತೆಯ ಪ್ರಶ್ನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಧಾನ್ಯಗಳಲ್ಲಿ ಇಷ್ಟು ಇರುವುದು ಅಪರೂಪ. ಅತ್ತೆ ಈ ಸಂಖ್ಯೆಯನ್ನೇ ಪ್ಯಾಕೆಟ್ ಮೇಲೆ ಬರೆಯಲು ಹೊರಟಿದ್ದರು.

ಆದರೆ ನೂರು ಗ್ರಾಂ ಬಿಸ್ಕತ್ತು ಎಂದರೆ ನೂರು ಗ್ರಾಂ ರಾಗಿಯಲ್ಲ. ನಮ್ಮ ಬಿಸ್ಕತ್ತಿನಲ್ಲಿ ಹಿಟ್ಟು ಸುಮಾರು 55 ಗ್ರಾಂ. ಉಳಿದದ್ದು ಬೆಲ್ಲ, ಬೆಣ್ಣೆ, ಹಾಲು ಇತ್ಯಾದಿ. ಆ 55ರಲ್ಲಿ ನೂರಕ್ಕೆ 40 ರಾಗಿ. ಅಂದರೆ 22 ಗ್ರಾಂ. ಅದರಿಂದ ಬರುವ ಕ್ಯಾಲ್ಸಿಯಂ ಸುಮಾರು 80 ಮಿಲಿಗ್ರಾಂ. ಒಂದು ಬಿಸ್ಕತ್ತು 8 ಗ್ರಾಂ. ನಾಲ್ಕು ತಿಂದರೆ ರಾಗಿಯಿಂದ ಸಿಗುವುದು ಸುಮಾರು 26 ಮಿಲಿಗ್ರಾಂ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 1000 ಮಿಲಿಗ್ರಾಂ. 75 ಗ್ರಾಂ ಹಿಟ್ಟಿನ ಒಂದು ಮುದ್ದೆಯಲ್ಲಿ 270ರ ಹತ್ತಿರ ಇರುತ್ತದೆ.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ "ಹಾಗಾದರೆ ರಾಗಿ ಶೇಕಡ 22 ಅಂತಲೇ ಬರೆಯೋಣ" ಎಂದರು. ನನಗೆ ತುಂಬಾ ಹಿಡಿಸಿದ ಮಾತದು. ಈ ಬಿಸ್ಕತ್ತು ಮೈದಾ ಬಿಸ್ಕತ್ತಿಗಿಂತ ಒಳ್ಳೆಯದು ಹೌದು. ಮುದ್ದೆಯ ಜಾಗವನ್ನು ಅದು ತುಂಬಲಾರದು.

ಅಳೆಯುವುದು, ತೂಗುವುದು, ಮುರಿಯುವುದು

ಹೊಸ ಬಿಸ್ಕತ್ತು ತಯಾರಾದ ಮೇಲೆ ಅದನ್ನು ಹಲವು ಬಗೆಯಲ್ಲಿ ಪರೀಕ್ಷಿಸುತ್ತಾರೆ. ಮೊದಲು ಆಕಾರ. ಆರು ಬಿಸ್ಕತ್ತನ್ನು ಅಂಚಿಗೆ ಅಂಚು ತಾಗಿಸಿ ಸಾಲಾಗಿಟ್ಟು ಅಗಲ ಅಳೆಯುತ್ತಾರೆ. ಆಮೇಲೆ ಆರನ್ನೂ ಒಂದರ ಮೇಲೊಂದು ಪೇರಿಸಿ ದಪ್ಪ ಅಳೆಯುತ್ತಾರೆ. ಅಗಲವನ್ನು ದಪ್ಪದಿಂದ ಭಾಗಿಸಿದರೆ ಬಿಸ್ಕತ್ತು ಎಷ್ಟು ಹರಡಿದೆ ಎಂಬ ಸಂಖ್ಯೆ ಸಿಗುತ್ತದೆ. ನಾರು ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ನಾರು ಜಾಸ್ತಿ ಹಾಕಿದ ಬಿಸ್ಕತ್ತು ಸಾಮಾನ್ಯವಾಗಿ ಹರಡದೆ ದಪ್ಪಗೆ, ಗಟ್ಟಿಯಾಗಿ ಉಳಿಯುತ್ತದೆ. ಗಟ್ಟಿತನ ಅಳೆಯಲು ಯಂತ್ರವಿದೆ. ಎರಡು ಕಂಬಿಗಳ ಮೇಲೆ ಬಿಸ್ಕತ್ತು ಇಟ್ಟು ನಡುವೆ ಒತ್ತುತ್ತದೆ, ಎಷ್ಟು ಬಲಕ್ಕೆ ಮುರಿಯಿತೆಂದು ಬರೆದುಕೊಳ್ಳುತ್ತದೆ. ಹಲ್ಲು ಮಾಡುವ ಕೆಲಸವನ್ನೇ ಅದು ಅಂಕಿಯಲ್ಲಿ ಹೇಳುತ್ತದೆ.

ನಂತರ ಒಳಗಿನ ಲೆಕ್ಕ. ಒಣಗಿಸಿ ತೇವಾಂಶ, ದ್ರಾವಕದಲ್ಲಿ ಕರಗಿಸಿ ಕೊಬ್ಬು, ಸುಟ್ಟು ಬೂದಿ ಮಾಡಿ ಖನಿಜ. ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ. ಅದರಲ್ಲಿರುವ ಸಾರಜನಕವನ್ನು ಅಳೆದು, ಸಾಮಾನ್ಯವಾಗಿ 6.25ರಿಂದ ಗುಣಿಸುತ್ತಾರೆ. ಡೆನ್ಮಾರ್ಕಿನ ಕೆಲ್ಡಾಲ್ 1883ರಲ್ಲಿ ಕಂಡುಹಿಡಿದ ಈ ವಿಧಾನ ಇವತ್ತಿಗೂ ಬಳಕೆಯಲ್ಲಿದೆ. ಮೈಸೂರಿನ ಸಿಎಫ್‌ಟಿಆರ್‌ಐ, ಇಲ್ಲಿ ಮಾಟುಂಗಾದ ಐಸಿಟಿಯಂಥ ಸಂಸ್ಥೆಗಳಲ್ಲಿ ಆಹಾರ ವಿಜ್ಞಾನ ಕಲಿಯುವವರು ಇವನ್ನೆಲ್ಲ ಕೈಯಾರೆ ಮಾಡಿರುತ್ತಾರೆ.

ರುಚಿಯನ್ನು ಅಳೆಯಬಹುದೇ?

ಅಳೆಯಬಹುದು. 1940ರ ದಶಕದ ಕೊನೆಯಲ್ಲಿ ಅಮೆರಿಕದ ಸೇನೆಯ ಊಟಕ್ಕಾಗಿ ಒಂಬತ್ತು ಮೆಟ್ಟಿಲಿನ ಒಂದು ಅಳತೆಪಟ್ಟಿ ಮಾಡಿದರು. 9 ಎಂದರೆ ಸಿಕ್ಕಾಪಟ್ಟೆ ಇಷ್ಟ, 1 ಎಂದರೆ ಒಂದಿಷ್ಟೂ ಬೇಡ, 5 ಎಂದರೆ ಅತ್ತಲೂ ಅಲ್ಲ ಇತ್ತಲೂ ಅಲ್ಲ. ಬಣ್ಣ, ವಾಸನೆ, ಗರಿಗರಿ, ರುಚಿ, ಒಟ್ಟಾರೆ ಇಷ್ಟ ಎಂದು ಬೇರೆ ಬೇರೆಯಾಗಿ ಅಂಕ ಕೊಡಿಸುತ್ತಾರೆ. ಲೋಕದೆಲ್ಲೆಡೆ ಹೊಸ ತಿನಿಸಿಗೆ ಈಗಲೂ ಇದೇ ಪಟ್ಟಿ.

ಮುಖ್ಯವಾದದ್ದು ಕೇಳುವ ರೀತಿ. ನಮ್ಮಲ್ಲಿ ಮೊದಲ ದಿನ ಎಲ್ಲರೂ ಎಲ್ಲವನ್ನೂ ಹೊಗಳಿದರು. ಯಾರು ಮಾಡಿದ್ದೆಂದು ಗೊತ್ತಿದ್ದರೆ, ಮಾಡಿದವರು ಎದುರಿಗೇ ನಿಂತಿದ್ದರೆ, ಮತ್ತೇನು ಹೇಳುತ್ತಾರೆ? ಎರಡನೇ ಸಲ ತಟ್ಟೆಗಳಿಗೆ ಹೆಸರಿನ ಬದಲು ಮೂರಂಕಿಯ ಸಂಖ್ಯೆ ಇಟ್ಟೆವು. 417, 862, ಹೀಗೆ. 1, 2, 3 ಎಂದಿಟ್ಟರೆ 1 ಚೆನ್ನಾಗಿರಬೇಕು ಎಂದು ಮನಸ್ಸು ಮೊದಲೇ ಒಪ್ಪಿಬಿಡುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಕ್ರಮದಲ್ಲಿ ಕೊಟ್ಟೆವು. ನಡುವೆ ಬಾಯಿ ಮುಕ್ಕಳಿಸಲು ನೀರು. ಮಾತಾಡುವ ಹಾಗಿಲ್ಲ.

ಆಗ ನಿಜ ಹೊರಬಿತ್ತು. 40ರ ಬಿಸ್ಕತ್ತನ್ನು ಹಿರಿಯರು ಒಪ್ಪಿದರು, ಮಕ್ಕಳು ಅರ್ಧಕ್ಕೇ ಬಿಟ್ಟರು. ಒಗರು ಎಂದರು. ಒಬ್ಬ ಹುಡುಗ ಸುಟ್ಟುಹೋಗಿದೆ ಎಂದ. ಅದು ಸುಟ್ಟಿರಲಿಲ್ಲ, ರಾಗಿಯ ಬಣ್ಣವೇ ಹಾಗೆ. ಕಣ್ಣು ನಾಲಿಗೆಗಿಂತ ಮೊದಲು ತೀರ್ಪು ಕೊಡುತ್ತದೆ. ಕೆಲವು ಲ್ಯಾಬುಗಳಲ್ಲಿ ಬಣ್ಣ ಗೊತ್ತಾಗದಂತೆ ಕೆಂಪು ದೀಪದಡಿ ತಿನ್ನಿಸುವುದು ಇದಕ್ಕೇ. ಆದರೆ ಅಂಗಡಿಯಲ್ಲಿ ಕೆಂಪು ದೀಪ ಇರುವುದಿಲ್ಲವಲ್ಲ. ಹಾಗಾಗಿ ನಾವು ರುಚಿಯನ್ನೇ ತಿದ್ದಲು ಹೊರಟೆವು. ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಘಮ್ಮೆನ್ನುವವರೆಗೆ ಹುರಿದು ಗಿರಣಿಗೆ ಕೊಟ್ಟೆವು. ಆ ಬಿಸ್ಕತ್ತನ್ನು ಮಕ್ಕಳು ಮುಗಿಸಿದರು.

ತಿಂದದ್ದೆಲ್ಲ ಮೈಗೆ ಹತ್ತುತ್ತದೆಯೇ?

ಮೊಳಕೆಯಿಂದ ಇನ್ನೊಂದು ಲಾಭವಿದೆ. ಕಾಳುಗಳಲ್ಲಿ ಫೈಟೇಟ್ ಎಂಬ ಅಂಶವಿರುತ್ತದೆ. ಅದು ಕಬ್ಬಿಣ, ಸತು, ಕ್ಯಾಲ್ಸಿಯಂಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಪೆಟ್ಟಿಗೆಯಲ್ಲಿ ಚಿನ್ನವಿದೆ, ಬೀಗ ಹಾಕಿದೆ ಎಂದ ಹಾಗೆ. ಲ್ಯಾಬಿನ ವರದಿಯಲ್ಲಿ ಚಿನ್ನದ ತೂಕ ಬರುತ್ತದೆ, ಬೀಗದ ಸುದ್ದಿ ಬರುವುದಿಲ್ಲ. ಕಾಳು ಮೊಳೆಯುವಾಗ ಅದರೊಳಗಿನ ಕಿಣ್ವಗಳು ಈ ಬೀಗವನ್ನು ಸ್ವಲ್ಪ ಸ್ವಲ್ಪವೇ ತೆರೆಯುತ್ತವೆ. ಮಕ್ಕಳಿಗೆ ಮೊಳಕೆ ರಾಗಿಯ ಸರಿ ಮಾಡಿ ತಿನ್ನಿಸುವ ನಮ್ಮ ಅಜ್ಜಿಯರ ಪದ್ಧತಿಗೆ ಇದು ಒಳ್ಳೆಯ ಕಾರಣ.

ಇನ್ನೊಂದು ಬೀಗವನ್ನು ನಾವೇ ಹಾಕುತ್ತೇವೆ. ಅದು ಚಹಾ. ಚಹಾದಲ್ಲಿರುವ ಟ್ಯಾನಿನ್ ತರಹದ ಅಂಶಗಳು ಕಬ್ಬಿಣಕ್ಕೆ ಅಂಟಿಕೊಂಡು ಅದು ದೇಹಕ್ಕೆ ಸೇರದಂತೆ ಮಾಡುತ್ತವೆ. ಕಬ್ಬಿಣ ಬೆರೆಸಿದ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ತಿಂದರೆ ಅದರ ಪ್ರಯೋಜನ ತುಂಬಾ ಕಡಿಮೆಯಾಗುತ್ತದೆ. ಮುಂಬೈಯಲ್ಲಿ ಈ ಮಾತು ಹೇಳುವುದು ಕಷ್ಟ, ಆದರೂ ಹೇಳಲೇಬೇಕು. ರಕ್ತಹೀನತೆ ಇರುವವರು ಎರಡರ ನಡುವೆ ಒಂದು ಗಂಟೆಯಾದರೂ ಬಿಡುವುದು ಒಳ್ಳೆಯದು. ನಿಂಬೆ, ಪೇರಳೆ, ನೆಲ್ಲಿಕಾಯಿಯ ವಿಟಮಿನ್ ಸಿ ಕಬ್ಬಿಣವನ್ನು ಹತ್ತಿಸಲು ನೆರವಾಗುತ್ತದೆ.

ಸಕ್ಕರೆ ತೆಗೆದರೆ?

ಸಕ್ಕರೆ ಬರೀ ಸಿಹಿಗಲ್ಲ. ಬಿಸ್ಕತ್ತು ಹರಡುವುದು, ಗರಿಗರಿಯಾಗುವುದು, ಬಣ್ಣ ಬರುವುದು ಎಲ್ಲದರಲ್ಲೂ ಅದರ ಕೈವಾಡವಿದೆ. ತೆಗೆದರೆ ಆ ಜಾಗಕ್ಕೆ ಏನಾದರೂ ತುಂಬಬೇಕು. ಹೆಚ್ಚಾಗಿ ಮಾಲ್ಟಿಟಾಲ್‌ನಂಥ ಪದಾರ್ಥ ತುಂಬುತ್ತಾರೆ. ಜಾಸ್ತಿ ತಿಂದರೆ ಹೊಟ್ಟೆ ಸಡಿಲವಾಗುತ್ತದೆ. ಬೆಲ್ಲ ಹಾಕಿದರೆ? ಬೆಲ್ಲದಲ್ಲಿ ಇರುವುದೂ ಬಹುಪಾಲು ಸಕ್ಕರೆಯೇ. ನಮ್ಮದು ಬೆಲ್ಲದ ಬಿಸ್ಕತ್ತು, ಆದ್ದರಿಂದ ಡಯಾಬಿಟಿಸ್ ಇರುವವರಿಗೆ ಒಳ್ಳೆಯದು ಎಂದು ನಾವು ಬರೆಯಲಿಲ್ಲ.

ಸಕ್ಕರೆ ಇಲ್ಲದ ಬಿಸ್ಕತ್ತಿನಲ್ಲೂ ಹಿಟ್ಟು ಇರುತ್ತದೆ. ಹಿಟ್ಟಿನ ಪಿಷ್ಟ ಹೊಟ್ಟೆಯಲ್ಲಿ ಗ್ಲುಕೋಸ್ ಆಗುತ್ತದೆ. ಎಷ್ಟು ಬೇಗ ಆಗುತ್ತದೆ ಎಂಬುದನ್ನು ಗ್ಲೈಸೆಮಿಕ್ ಇಂಡೆಕ್ಸ್ ಹೇಳುತ್ತದೆ. ಅದನ್ನು ಸರಿಯಾಗಿ ಗೊತ್ತುಮಾಡಲು ಕನಿಷ್ಠ ಹತ್ತು ಜನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅಳತೆಯಷ್ಟು ತಿಂದು, ಎರಡು ಗಂಟೆಯವರೆಗೆ ಮತ್ತೆ ಮತ್ತೆ ರಕ್ತ ಕೊಡಬೇಕು. 55 ಮತ್ತು ಅದಕ್ಕಿಂತ ಕೆಳಗೆ ಬಂದರೆ ಕಡಿಮೆ, 70 ಮತ್ತು ಮೇಲೆ ಬಂದರೆ ಜಾಸ್ತಿ. ರಾಗಿ ಎಂಬ ಹೆಸರು ನೋಡಿ ಈ ಅಂಕಿಯನ್ನು ಊಹಿಸಲಾಗದು. ಹಿಟ್ಟು ನುಣ್ಣಗಾದಷ್ಟೂ ಬೇಗ ಜೀರ್ಣವಾಗುತ್ತದೆ.

ಪ್ಯಾಕೆಟ್ ತಿರುಗಿಸಿ

ಪದಾರ್ಥಗಳ ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿರಬೇಕು ಎಂಬುದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮ. ಮೊದಲ ಹೆಸರು ಮೈದಾ ಆಗಿದ್ದರೆ ಅದು ಮೈದಾ ಬಿಸ್ಕತ್ತೇ. ರಾಗಿ, ಓಟ್ಸ್ ಪಕ್ಕ ಶೇಕಡಾವಾರು ಸಂಖ್ಯೆ ಹುಡುಕಿ. "ನಾರಿನ ಮೂಲ" ಎನ್ನಲು 100 ಗ್ರಾಂನಲ್ಲಿ 3 ಗ್ರಾಂ ನಾರು ಸಾಕು, "ನಾರು ಹೆಚ್ಚು" ಎನ್ನಲು 6 ಗ್ರಾಂ. ಆದರೆ ನಾವು ತಿನ್ನುವುದು 30 ಗ್ರಾಂ. 3 ಗ್ರಾಂ ಎಂದು ಬರೆದ ಬಿಸ್ಕತ್ತಿನಿಂದ ಸಿಗುವುದು ಒಂದು ಗ್ರಾಂಗೂ ಕಡಿಮೆ. ದಿನಕ್ಕೆ ಬೇಕಾದದ್ದು ಸುಮಾರು 30 ಗ್ರಾಂ.

ಮುಂಬೈ ಮಳೆಯ ಪರೀಕ್ಷೆ

ಕೊನೆಯದು ಬಾಳಿಕೆ. ಇಲ್ಲಿ ತೇವಾಂಶ ಎಷ್ಟಿದೆ ಎನ್ನುವುದಕ್ಕಿಂತ ಅದರಲ್ಲಿ ಎಷ್ಟು ನೀರು ಸ್ವತಂತ್ರವಾಗಿದೆ ಎನ್ನುವುದು ಮುಖ್ಯ. ಬೆಳಗಿನ ಲೋಕಲ್ ನೆನಪು ಮಾಡಿಕೊಳ್ಳಿ. ಸೀಟು ಹಿಡಿದು ಕೂತವರು ಅಲುಗಾಡುವುದಿಲ್ಲ. ನಿಂತವರು ಅತ್ತಿತ್ತ ಸರಿಯುತ್ತಲೇ ಇರುತ್ತಾರೆ. ನೀರೂ ಹಾಗೆಯೇ. ಹಿಟ್ಟು, ಸಕ್ಕರೆಗೆ ಅಂಟಿ ಕೂತ ನೀರಿನಿಂದ ತೊಂದರೆಯಿಲ್ಲ. ಓಡಾಡುವ ನೀರೇ ಬಿಸ್ಕತ್ತನ್ನು ಮೆತ್ತಗೆ ಮಾಡುವುದು, ಬೂಷ್ಟು ಬೆಳೆಸುವುದು. ಇದನ್ನು 0ಯಿಂದ 1ರವರೆಗಿನ ಅಂಕಿಯಲ್ಲಿ ಅಳೆಯುತ್ತಾರೆ. ಗರಿಗರಿ ಬಿಸ್ಕತ್ತಿನದ್ದು ಸಾಮಾನ್ಯವಾಗಿ 0.3ರ ಒಳಗೆ. 0.5ರ ಹತ್ತಿರ ಬಂದರೆ ಗರಿ ಹೋಯಿತು. 0.6ರ ಕೆಳಗೆ ಬೂಷ್ಟು ಬೆಳೆಯುವುದಿಲ್ಲ.

ಇನ್ನೊಂದು ಶತ್ರು ಕೊಬ್ಬಿನ ಹಳಸಲು. ಬಾಜ್ರಿ ಹಿಟ್ಟು ಗಿರಣಿಯಿಂದ ತಂದ ಕೆಲವೇ ದಿನಗಳಲ್ಲಿ ಕಹಿಯಾಗುವುದನ್ನು ಭಾಕ್ರಿ ಮಾಡುವವರೆಲ್ಲ ಬಲ್ಲರು. ಅದರಲ್ಲಿ ಕೊಬ್ಬೂ ಇದೆ, ಕೊಬ್ಬನ್ನು ಒಡೆಯುವ ಕಿಣ್ವವೂ ಇದೆ. ಕಾಳನ್ನು ಬೀಸುವ ಮೊದಲು ಬಿಸಿ ಮಾಡಿದರೆ ಆ ಕಿಣ್ವ ಸಾಯುತ್ತದೆ. ಬಾಜ್ರಿ ಬಿಸ್ಕತ್ತಿಗೆ ಈ ಹೆಜ್ಜೆ ಬಿಟ್ಟರೆ ಪ್ಯಾಕೆಟ್ ಅಂಗಡಿಯಲ್ಲೇ ಹಳಸುತ್ತದೆ.

ಕಂಪನಿಗಳು ತಿಂಗಳುಗಟ್ಟಲೆ ಕಾಯಲಾಗದೆ 38 ಡಿಗ್ರಿ ಶಾಖ, ಶೇಕಡ 90 ತೇವದ ಕೋಣೆಯಲ್ಲಿ ಪ್ಯಾಕೆಟ್ ಇಟ್ಟು ಬೇಗ ಪರೀಕ್ಷೆ ಮುಗಿಸುತ್ತವೆ. ನಮಗೆ ಅಂಥ ಕೋಣೆ ಇಲ್ಲ, ಜುಲೈ ತಿಂಗಳ ಅಡುಗೆಮನೆ ಇದೆ. ಸ್ಟೀಲ್ ಡಬ್ಬಿಯಲ್ಲಿ ಒಂದಿಷ್ಟು, ಬಿಸಿಯಲ್ಲಿ ಅಂಟಿಸಿದ ದಪ್ಪ ಪ್ಯಾಕೆಟಿನಲ್ಲಿ ಒಂದಿಷ್ಟು, ತೆಳು ಪ್ಲಾಸ್ಟಿಕ್ ಚೀಲದಲ್ಲಿ ಒಂದಿಷ್ಟು ಇಟ್ಟೆವು. ತೆಳು ಚೀಲದ್ದು ನಾಲ್ಕನೇ ದಿನಕ್ಕೆ ಮೆತ್ತಗಾಯಿತು. ದಪ್ಪ ಪ್ಯಾಕೆಟಿನದ್ದು ಮೂರು ವಾರವಾದರೂ ಟಕ್ಕೆಂದು ಮುರಿಯುತ್ತಿದೆ. ಪ್ರತಿ ಭಾನುವಾರ ಅತ್ತೆ ಒಂದು ಪ್ಯಾಕೆಟ್ ಒಡೆದು, ಮೂಸಿ, ಮುರಿದು, ತಿಂದು, ತಾರೀಕು ಹಾಕಿ ಪುಸ್ತಕದಲ್ಲಿ ಬರೆಯುತ್ತಿದ್ದಾರೆ. ಯಾವ ವಾರ ವಾಸನೆ ಬದಲಾಗುತ್ತದೋ ಅದಕ್ಕಿಂತ ಎರಡು ವಾರ ಹಿಂದಿನ ತಾರೀಕನ್ನೇ ಪ್ಯಾಕೆಟ್ ಮೇಲೆ ಕೊನೆಯ ದಿನವಾಗಿ ಹಾಕುವುದೆಂದು ಮಾತಾಗಿದೆ.